ಸೂತಕದ ಮನೆಯ ಫೋನು

ರಸ್ಮಿನಿಯ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಒಂದು ವರ್ಷ ಪೂರ್ತಿ ಅವಳನ್ನು ಬಾಯಿಗೆ ಬಂದಂತೆ ಬೈದುಕೊಂಡು ತಿರುಗಿದವನು ನಾನು. ಆದರೂ ಬರೆಯುವುದಾದರೆ ನಾನೇ ಬರೆಯಬೇಕು. ಬೇರೆಯವರು ಬರೆದರೆ ನನ್ನ ಪಾಲಿನ ತಪ್ಪನ್ನು ನಯವಾಗಿ ಬಿಟ್ಟುಬಿಡುತ್ತಾರೆ. ನಮ್ಮ ಕಡೆಯವರು ಬಲು ಮರ್ಯಾದಸ್ಥರು, ಎದುರಿಗೆ ಯಾರನ್ನೂ ನೋಯಿಸುವುದಿಲ್ಲ. ರಸ್ಮಿನಿಗೆ ಆ ಕಾಯಿಲೆ ಇಲ್ಲ. ನನಗೂ ಇಲ್ಲ.

ನನ್ನ ಹೆಸರು ಕೆತುತ್ ಮುದಿಯಾರ್ಸ. ಬಾಲಿಯ ತೆಗಲ್‌ವಾನಿ ಕಣಿವೆಯಲ್ಲಿ ನೂರಾ ನಲವತ್ತು ಮನೆಗಳ ನಮ್ಮ ಬಂಜಾರ್, ಅಂದರೆ ಕೇರಿ, ಇದೆ. ಅಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ಪೆಚಾಲಾಂಗ್. ಹಬ್ಬಕ್ಕೆ, ಮೆರವಣಿಗೆಗೆ, ಹೆಣ ಸುಡುವ ದಿನಕ್ಕೆ ಸೊಂಟಕ್ಕೆ ಕಪ್ಪು ಬಿಳಿ ಚೌಕಳಿ ಬಟ್ಟೆ ಸುತ್ತಿಕೊಂಡು ಜನರನ್ನು ಗದರುವ ಕಾವಲುಗಾರ. ಸಂಬಳವಿಲ್ಲ. ಗದರುವ ಸುಖ ಉಂಟಲ್ಲ, ಅದೇ ಸಾಕು.

ರಸ್ಮಿನಿ ನನಗಿಂತ ಹನ್ನೊಂದು ವರ್ಷಕ್ಕೆ ಚಿಕ್ಕವಳು. ಪ್ರಾಯದಲ್ಲಿ ಗಿಯಾನ್ಯಾರ್ ಪೇಟೆಯ ಒಂದು ಇಂಟರ್ನೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಎಲ್ಲರ ಕೈಗೂ ಫೋನು ಬಂದ ಮೇಲೆ ಆ ಅಂಗಡಿಗೆ ಬರುವವರಿಲ್ಲದೆ ಬಾಗಿಲು ಹಾಕಿತು. ಮಾಲೀಕ ಗುಜರಿಗೆ ಹಾಕಲು ತೆಗೆದಿಟ್ಟಿದ್ದ ತಂತಿ, ರೌಟರ್ ಪೆಟ್ಟಿಗೆಗಳನ್ನೆಲ್ಲ ಇವಳು ಬೈಕಿನ ಹಿಂದೆ ಕಟ್ಟಿಕೊಂಡು ಊರಿಗೆ ಬಂದಳು. ಗಂಡ ಸುದರ್ಪ ಪ್ರವಾಸಿ ಹಡಗಿನಲ್ಲಿ ಅಡುಗೆಯವನು, ಒಂಬತ್ತು ತಿಂಗಳಿಗೊಮ್ಮೆ ಬರುತ್ತಾನೆ. ಅವನು ಬರುವಷ್ಟರಲ್ಲಿ ಇವಳು ಮನೆಯ ಜಗಲಿಯನ್ನೆಲ್ಲ ತಂತಿಯ ಸುರುಳಿಗಳಿಂದ ತುಂಬಿಸಿಟ್ಟಿದ್ದಳು. ಆ ಸಲ ರಜೆ ಮುಗಿಯುವವರೆಗೂ ಅವನು ತಮ್ಮನ ಮನೆಯಲ್ಲಿ ಮಲಗಿದ ಎಂದು ಜನ ಆಡಿಕೊಂಡರು.

ನಮ್ಮದು ಆಳದ ಕಣಿವೆ, ಮನೆಯೊಳಗೆ ಫೋನಿಗೆ ಒಂದು ಗೆರೆ ಸಿಗ್ನಲ್ಲೂ ಬರುವುದಿಲ್ಲ. ಮಾತಾಡಬೇಕೆಂದರೆ ಗುಡ್ಡ ಹತ್ತಬೇಕಿತ್ತು. ರಸ್ಮಿನಿ ಆ ಗುಡ್ಡದ ತಲೆಯಲ್ಲಿ ಒಂದು ಮೋಡೆಮ್ ಕೂರಿಸಿ, ಅಲ್ಲಿಂದ ಕೆಳಗೆ ಬಂಜಾರಿನ ಸಭಾಮಂಟಪಕ್ಕೆ, ಮಂಟಪದಿಂದ ಒಂದೊಂದೇ ಮನೆಗೆ ವೈಫೈ ತಂದಳು. ಹದಿನಾಲ್ಕು ವರ್ಷದಲ್ಲಿ ನೂರಾ ನಲವತ್ತು ಮನೆಯ ಸೂರನ್ನೂ ಅವಳೇ ಹತ್ತಿದ್ದಾಳೆ. ಮೊದಲ ದಿನ ಅವಳು ಏಣಿ ಹತ್ತಿದಾಗ ಅಡ್ಡ ನಿಂತವನು ನಾನೇ.

"ಹೆಂಗಸು ಮನೆದೇವರ ಗುಡಿಗಿಂತ ಎತ್ತರಕ್ಕೆ ಹತ್ತೋದಾ? ಇಳಿ ಕೆಳಗೆ!"

"ಹಾಗಾದ್ರೆ ನೀನೇ ಹತ್ತು ಬ್ಲಿ," ಎಂದಳು ಮೇಲಿನಿಂದ. ಅಣ್ಣನ ಸಮಾನನಾದವನನ್ನು ನಾವು ಕರೆಯುವುದು ಬ್ಲಿ ಎಂದೇ, ಆದರೆ ಅವಳ ಬಾಯಲ್ಲಿ ಅದು ಬೈಗುಳದ ಹಾಗೆ ಕೇಳುತ್ತಿತ್ತು. "ತಂತಿ ಯಾವ್ದು, ಬಳ್ಳಿ ಯಾವ್ದು ಅಂತ ಗೊತ್ತಾಗತ್ತಾ ನಿಂಗೆ? ಇಲ್ಲ ಅಂದ್ರೆ ಬಾಯಿ ಮುಚ್ಕೊಂಡು ಏಣಿ ಹಿಡ್ಕೊ. ಅಲ್ಲಾಡ್ತಿದೆ."

ಸುತ್ತ ನಿಂತವರೆಲ್ಲ ನಕ್ಕರು. ನಾನು ಏಣಿ ಹಿಡಿಯಲಿಲ್ಲ. ಬಿದ್ದರೆ ಬೀಳಲಿ ಎಂದು ತಿರುಗಿ ಮನೆಗೆ ಹೋದೆ.

ಅವಳ ಇನ್ನೊಂದು ವಿಚಿತ್ರ ಹೇಳಬೇಕು. ಇನ್ನೂರ ಹತ್ತು ದಿನಕ್ಕೊಮ್ಮೆ ನಮ್ಮಲ್ಲಿ ತುಂಪೆಕ್ ಲಂದೆಪ್ ಬರುತ್ತದೆ. ಕಬ್ಬಿಣಕ್ಕೆ, ಆಯುಧಕ್ಕೆ, ಯಂತ್ರಕ್ಕೆ ಎಡೆ ಇಡುವ ದಿನ. ನಾನು ಅಜ್ಜನ ಕಾಲದ ಕತ್ತಿಗೂ ನನ್ನ ಬೈಕಿಗೂ ಎಡೆ ಇಟ್ಟು, ಧೂಪ ಹಾಕಿ, ಹಂದಿಮಾಂಸದ ಲಾವಾರ್ ತಿಂದು ಮಲಗುತ್ತೇನೆ. ರಸ್ಮಿನಿ ಅವತ್ತು ಮಲಗುವುದಿಲ್ಲ. ಪ್ರತಿ ಪೆಟ್ಟಿಗೆಯನ್ನೂ ಬಿಚ್ಚಿ, ಇರುವೆ ಗೂಡು ಕೆರೆದು, ಒಳಗಿನ ಪ್ರೋಗ್ರಾಮುಗಳಲ್ಲಿ ಹಳತಾದದ್ದನ್ನು ತೆಗೆದು ಹೊಸದು ಹಾಕಿ, ಆಮೇಲೆ ಹೂವಿಡುತ್ತಾಳೆ. "ಎಡೆ ಇಟ್ಬಿಟ್ರೆ ತುಕ್ಕು ಹೋಗತ್ತಾ ಬ್ಲಿ?" ಎಂದು ನನ್ನ ಕತ್ತಿಯನ್ನು ನೋಡಿ ಕೇಳಿದ್ದಳು ಒಮ್ಮೆ. ನನಗೆ ಮೈಯೆಲ್ಲ ಉರಿಯಿತು. ಕತ್ತಿ ತುಕ್ಕು ಹಿಡಿದಿದ್ದು ನಿಜ.

ಈಗ ನ್ಯೆಪಿಯ ಮಾತು. ವರ್ಷಕ್ಕೊಂದು ದಿನ ಬಾಲಿ ಇಡೀ ಬಾಯಿ ಮುಚ್ಚುತ್ತದೆ. ಬೆಂಕಿ ಹಚ್ಚುವ ಹಾಗಿಲ್ಲ, ಕೆಲಸ ಮಾಡುವ ಹಾಗಿಲ್ಲ, ಅಂಗಳ ದಾಟುವ ಹಾಗಿಲ್ಲ, ಮೋಜು ಮಾಡುವ ಹಾಗಿಲ್ಲ. ಬೆಳಗ್ಗೆ ಆರರಿಂದ ಮರುದಿನ ಆರರವರೆಗೆ ಬೀದಿಯಲ್ಲಿ ನಾಯಿ ಮತ್ತು ಪೆಚಾಲಾಂಗ್ ಬಿಟ್ಟರೆ ಯಾರೂ ಇಲ್ಲ. ಫೋನ್ ಕಂಪನಿಗಳೂ ಇಂಟರ್ನೆಟ್ ನಿಲ್ಲಿಸುತ್ತವೆ. ಗುಡ್ಡದ ಮೇಲಿನ ಮೋಡೆಮ್ ಅವತ್ತು ಬರೀ ಡಬ್ಬಿ. ಆದರೆ ಮಂಟಪದಿಂದ ಮನೆಮನೆಗೆ ಇರುವ ವೈಫೈ ನಮ್ಮದೇ, ಅದನ್ನು ಯಾವ ಕಂಪನಿಯೂ ನಿಲ್ಲಿಸಲಾರದು.

ಇದನ್ನು ನೋಡಿಯೇ ನಮ್ಮ ಕೆಲಿಯಾನ್, ಅಂದರೆ ಬಂಜಾರಿನ ಯಜಮಾನ, ಹೋದ ವರ್ಷ ಒಂದು ವ್ಯವಸ್ಥೆ ಮಾಡಿಸಿದ. ದೆನ್‌ಪಸಾರ್‌ನಿಂದ ಪ್ರಣಯೋಗ ಎಂಬ ಹುಡುಗಪ್ರಾಯದ ಎಂಜಿನಿಯರ್ ಬಂದು ಒಂದು ವೆಬ್ ಪುಟ ಕಟ್ಟಿಕೊಟ್ಟ. ಪುಟ ಇರುವುದು ಮಂಟಪದಲ್ಲಿಟ್ಟ ಯಂತ್ರದಲ್ಲಿ. ನ್ಯೆಪಿಯ ದಿನ ಯಾರಿಗಾದರೂ ಹೆರಿಗೆ ನೋವು ಬಂತು, ಎದೆ ಹಿಡಿಯಿತು, ಹಾವು ಕಚ್ಚಿತು ಅಂದರೆ ಫೋನಿನಲ್ಲಿ ಆ ಪುಟ ತೆರೆದು ಕೆಂಪು ಬಟನ್ ಒತ್ತಬೇಕು. ಮಂಟಪದಲ್ಲಿ ಗಂಟೆ ಹೊಡೆದು ಮನೆಯ ನಂಬರ್ ಕಾಣುತ್ತದೆ, ಅಲ್ಲಿ ಕೂತ ನಾವು ಓಡಬೇಕು. ಕೂಗಾಟವಿಲ್ಲ, ಮೌನ ಮುರಿಯುವುದಿಲ್ಲ. ನಾನು ಇದನ್ನು ಮೆಚ್ಚಿಕೊಂಡೆ. ರಸ್ಮಿನಿಗೆ ಪುಟದ ಕೆಲಸ ಕೊಡಲಿಲ್ಲ, "ನೀವು ತಂತಿ ನೋಡ್ಕೊಳ್ಳಿ ಬು ರಸ್ಮಿನಿ, ಸಾಕು," ಎಂದ ಕೆಲಿಯಾನ್. ಹೆಂಗಸಿಗೆ ಬು, ಗಂಡಸಿಗೆ ಪಾಕ್, ಮರ್ಯಾದೆಗೆ ನಾವು ಸೇರಿಸುವ ಮಾತು.

ನ್ಯೆಪಿಗೆ ಮೂರು ದಿನ ಮುಂಚೆ ಊರೆಲ್ಲ ಬಿಳಿ ಬಟ್ಟೆ ಉಟ್ಟು ದೇವರನ್ನು ಹೊತ್ತು ಬುಗ್ಗೆಗೆ ಹೋಗಿ ಬಂತು. ವಾಪಸು ಬಂದವರನ್ನೆಲ್ಲ ಪ್ರಣಯೋಗ ಗುಡಿಯ ಹೊರ ಅಂಗಳದಲ್ಲಿ ಕೂರಿಸಿಕೊಂಡು, ಒಬ್ಬೊಬ್ಬರ ಫೋನಿನಲ್ಲೂ ಪುಟ ತೆರೆಸಿ, ಬಟನ್ ಒತ್ತಿಸಿ ಅಭ್ಯಾಸ ಮಾಡಿಸಿದ. ಎಲ್ಲರದ್ದಕ್ಕೂ ಮಂಟಪದಲ್ಲಿ ಗಂಟೆ ಹೊಡೆಯಿತು.

ನನ್ನ ಅಕ್ಕ ರಿಂತೆನ್ ಅಲ್ಲಿರಲಿಲ್ಲ. ಅವಳ ಗಂಡ ತೀರಿಕೊಂಡು ಒಂಬತ್ತು ದಿನವಾಗಿತ್ತು. ಸೂತಕದ ಮನೆಯವರು ಗುಡಿಯ ಹತ್ತಿರ ಬರುವ ಹಾಗಿಲ್ಲ. ನಾನೇ ಹೋಗಿ, ಬೇಲಿಯ ಆಚೆಯಿಂದ ಪುಟದ ವಿಳಾಸ ಬರೆದ ಚೀಟಿ ಕೊಟ್ಟು, "ಏನಾದ್ರೂ ಆದ್ರೆ ಕೆಂಪಗಿರೋದನ್ನ ಒತ್ತು ಅಕ್ಕಾ, ನಾನು ಮಂಟಪದಲ್ಲೇ ಇರ್ತೀನಿ," ಎಂದು ಹೇಳಿ ಬಂದೆ.

ನ್ಯೆಪಿಯ ಬೆಳಗ್ಗೆ ಹತ್ತು ಗಂಟೆಗೆ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ತೆವಳಿಕೊಂಡು ಬಂದು ಫೋನ್ ಎಳೆದುಕೊಂಡು, ಚೀಟಿ ನೋಡಿ ಪುಟ ತೆರೆದಳು. ಪುಟ ಬಂತು, ಕೆಂಪು ಬಟನ್ ಬಂತು. ಒತ್ತಿದಳು. ನನಗೆ ಸುದ್ದಿ ಮುಟ್ಟಿತು ಎಂದುಕೊಂಡು ಕಾದಳು. ಮತ್ತೆ ಒತ್ತಿದಳು, ಮತ್ತೆ ಕಾದಳು. ನ್ಯೆಪಿಯ ದಿನ ಕೂಗಬಾರದು, ಹೇಗೂ ತಮ್ಮ ಬರುತ್ತಾನೆ ಎಂದು ಹಲ್ಲು ಕಚ್ಚಿಕೊಂಡು ಬಿದ್ದಿದ್ದಳು. ಮುನ್ನೂರು ಹೆಜ್ಜೆ ದೂರದ ಮಂಟಪದಲ್ಲಿ ನಾನು ಕಾಲು ಚಾಚಿ ಕೂತು, "ಬೆಳಗ್ಗೆ ಯಾರೋ ಆಟಕ್ಕೆ ಒತ್ತಿದ್ದು ಬಿಟ್ರೆ ಗಂಟೆ ಒಂದ್ಸಲನೂ ಹೊಡೀಲಿಲ್ಲ, ಈ ವರ್ಷ ಎಲ್ಲರೂ ಸುಖವಾಗಿದ್ದಾರೆ," ಎನ್ನುತ್ತಿದ್ದೆ. ಮಧ್ಯಾಹ್ನ ಎರಡು ಗಂಟೆಯ ಸುತ್ತಿಗೆ ಹೊರಟವನು ಅವಳ ಬೇಲಿಯ ಹತ್ತಿರ ನರಳುವ ಸದ್ದು ಕೇಳಿ ಒಳಗೆ ಹೋದೆ.

"ತುತ್," ಎಂದಳು ಅಕ್ಕ. ಚಿಕ್ಕಂದಿನಿಂದ ನನ್ನನ್ನು ಕರೆಯುವ ಹೆಸರು. "ಎಷ್ಟ್ ಹೊತ್ತು ಮಾಡ್ದೆಯೋ."

ಆ ಮಾತು ಈಗಲೂ ನನ್ನ ಹೊಟ್ಟೆಯಲ್ಲಿ ಕೂತಿದೆ. ಅಕ್ಕ ಬದುಕಿದಳು, ಬಲಗಾಲು ಸರಿಯಾಗಲಿಲ್ಲ. ಈಗ ಕೋಲು ಹಿಡಿದು ಎಳೆದುಕೊಂಡು ನಡೆಯುತ್ತಾಳೆ. ಆ ನಾಲ್ಕು ಗಂಟೆ ತಡವಾಗದಿದ್ದರೆ ಸರಿಹೋಗುತ್ತಿತ್ತೇ ಎಂದು ಡಾಕ್ಟರನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ.

ಬೈಯಲು ಒಬ್ಬರು ಬೇಕಿತ್ತು. ವೈಫೈ ರಸ್ಮಿನಿಯದು, ಹಾಗಾಗಿ ತಪ್ಪೂ ಅವಳದೇ. ಸಂತೆಯಲ್ಲಿ, ಗುಡಿಯ ಅಡುಗೆಮನೆಯಲ್ಲಿ, ಕೋಳಿ ಅಂಕದಲ್ಲಿ, ಎಲ್ಲಿ ಹೋದರೂ ಅದೇ ಹೇಳಿದೆ. "ಗುಜರಿ ತಂತಿ ಕಟ್ಟಿ ನನ್ನ ಅಕ್ಕನ ಕಾಲು ಮುರಿದಳು." ಅವಳು ಎದುರು ಬಂದರೆ ಉಗುಳಿದೆ. ಊರೂ ಅದನ್ನೇ ನಂಬಿತು. ಅವಳನ್ನು ಕಂಡರೆ ಜನ ಮಾತು ನಿಲ್ಲಿಸುತ್ತಿದ್ದರು.

ಬೇರೆ ಯಾರಾದರೂ ಆಗಿದ್ದರೆ ಅತ್ತುಕೊಂಡು ಮೂಲೆ ಸೇರುತ್ತಿದ್ದರು. ಇವಳು ಒಂದು ನೋಟ್‌ಬುಕ್ ಹಿಡಿದು ಮನೆಮನೆ ಸುತ್ತಿದಳು. ನ್ಯೆಪಿಯ ದಿನ ಯಾರು ಪುಟ ತೆರೆದು ನೋಡಿದ್ದಿರಿ, ಯಾರ ಫೋನಿನಲ್ಲಿ ಏನು ಕಂಡಿತು ಎಂದು ಕೇಳಿದಳು. ಬಾಗಿಲು ಮುಖಕ್ಕೆ ಹಾಕಿದವರ ಬಾಗಿಲನ್ನು ಮತ್ತೆ ತಟ್ಟಿದಳು. ತಿಂಗಳ ಮೇಲೆ ನನ್ನ ಅಂಗಳಕ್ಕೇ ಬಂದು ನಿಂತಳು.

"ಬ್ಲಿ, ಉಗುಳೋದಾದ್ರೆ ಉಗುಳ್ಬಿಡು, ಆಮೇಲೆ ಕೇಳು. ಹೋದ ನ್ಯೆಪಿಗೆ ಊರಲ್ಲಿ ಮೂರು ಸೂತಕದ ಮನೆ ಇದ್ವು. ಮೂರರಲ್ಲೂ ಬಟನ್ ಸತ್ತಿತ್ತು. ಮಿಕ್ಕವರಲ್ಲಿ ಆಟಕ್ಕೆ ಅಂತ ಒತ್ತಿ ನೋಡಿದವರ ಮನೇಲಿ ಒಂದ್ರಲ್ಲೂ ಸತ್ತಿರ್ಲಿಲ್ಲ. ತಂತಿ ಎಲ್ಲರಿಗೂ ಒಂದೇ. ಸೂತಕ ಆದವರಿಗೆ ಮಾತ್ರ ತಂತಿ ಕೆಡತ್ತಾ?"

"ಸತ್ತವರ ಮನೆ ಹೆಸರು ಹೇಳಿ ಮಾಟದ ಮಾತಾಡ್ತೀಯಾ? ಹೊರಟು ಹೋಗು!"

"ಮಾಟ ಅಲ್ಲ, ಮಂಕೇ! ಆ ಮೂರು ಮನೆಯವರು ಅಭ್ಯಾಸಕ್ಕೆ ಬಂದಿರ್ಲಿಲ್ಲ!"

ನನಗೆ ತಲೆಬುಡ ತಿಳಿಯಲಿಲ್ಲ. ತಿಳಿದುಕೊಳ್ಳುವ ಮನಸ್ಸೂ ಇರಲಿಲ್ಲ. ನಾಯಿ ಬಿಡುತ್ತೇನೆ ಎಂದೆ.

ಈ ವರ್ಷ ನ್ಯೆಪಿಗೆ ಎಂಟು ದಿನ ಇರುವಾಗ ಬಂಜಾರಿನ ಸಭೆ ಸೇರಿತು. ತೀರ್ಮಾನ ಮೊದಲೇ ಆಗಿತ್ತು ಎನ್ನಿ. ರಸ್ಮಿನಿಯ ಕೈಯಿಂದ ವೈಫೈ ಕಿತ್ತು ಪ್ರಣಯೋಗನ ಕಂಪನಿಗೆ ಕೊಡುವುದು, ಪುಟವನ್ನು ಹಾಗೆಯೇ ಮುಂದುವರಿಸುವುದು. ಹದಿನಾಲ್ಕು ವರ್ಷ ಅವಳು ಕಟ್ಟಿದ್ದು ಒಂದು ಸಂಜೆಗೆ ಹೋಗುವುದರಲ್ಲಿತ್ತು. ಕೈ ಎತ್ತಲು ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ.

ರಸ್ಮಿನಿ ಎದ್ದು ನಿಂತಳು. "ವೈಫೈ ಬೇಕಾದ್ರೆ ತಗೊಳ್ಳಿ. ಆದ್ರೆ ಆ ಪುಟನ ಹಾಗೇ ಬಿಟ್ರೆ ಈ ಸಲಾನೂ ಯಾರೋ ಒಬ್ಬರು ಸತ್ತ ಬಟನ್ ಒತ್ಕೊಂಡು ಬಿದ್ದಿರ್ತಾರೆ. ಪುಟ ನಮ್ಮ ಯಂತ್ರದಲ್ಲಿದೆ, ಸರಿ. ಅದನ್ನ ಓಡಿಸೋ ಲೈಬ್ರರಿಗಳೆಲ್ಲಿವೆ? ಕೇಳಿ ಇವನನ್ನ."

ಪ್ರಣಯೋಗ ಒಳ್ಳೆಯ ಹುಡುಗ, ಮುಚ್ಚಿಡಲಿಲ್ಲ. "ಹೊರಗಿನ ಸರ್ವರ್‌ನಲ್ಲಿವೆ ಬು. ಎಲ್ಲಾ ಕೋಡನ್ನೂ ನಾವೇ ಬರೆಯಲ್ಲ, ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟುಗಳಿರ್ತವೆ, ಲೈಬ್ರರಿ ಅಂತ. ಪುಟದಲ್ಲಿ ಅವುಗಳ ವಿಳಾಸ ಮಾತ್ರ ಬರೀತೀವಿ, ಫೋನು ಅಲ್ಲಿಂದ ತಗೊಳತ್ತೆ. ಜಗತ್ತೆಲ್ಲ ಹೀಗೇ ಮಾಡತ್ತೆ. ಆ ಸರ್ವರ್‌ಗಳು ಬಲು ವೇಗ, ಕಟ್ಟುಗಳನ್ನ ಜೋಪಾನ ಮಾಡೋಕೆ ಅಲ್ಲಿ ಜನ ಇದ್ದಾರೆ. ಇಲ್ಲಿ ತಂದಿಟ್ಕೊಂಡ್ರೆ ಹಳತಾಗಿ ಕೊಳೀತವೆ, ಯಾರು ನೋಡ್ಕೊಳ್ತಾರೆ?"

"ಮನೆ ನಮ್ಮದು, ಒಲೆ ನಮ್ಮದು, ಮಸಾಲೆ ಅರೆಯೋ ಕಲ್ಲು ಮಾತ್ರ ಸಿಂಗಪುರದಲ್ಲಿ! ದಾರಿ ಮುಚ್ಚಿದ ದಿನ ಏನಪ್ಪಾ ತಿಂತೀಯ?"

ಜನ ನಕ್ಕರು. ಪ್ರಣಯೋಗ ಕೆಂಪಾದ. "ಬು, ನಾನು ಹತ್ತು ಸಲ ಪರೀಕ್ಷೆ ಮಾಡಿದ್ದೀನಿ, ಹೊರಗಿನ ತಂತಿ ಕಿತ್ತೇ ಮಾಡಿದ್ದೀನಿ. ಈಗಲೇ ಮಾಡಿ ತೋರಿಸ್ಲಾ?"

ಗುಡ್ಡದಿಂದ ಬರುವ ತಂತಿಯನ್ನು ಅವನು ಎಲ್ಲರ ಎದುರು ಕಿತ್ತ. ತನ್ನ ಫೋನಿನಲ್ಲಿ ಪುಟ ತೆರೆದು ಒತ್ತಿದ, ಗಂಟೆ ಢಣ್ ಎಂದಿತು. ಕೆಲಿಯಾನ್ ತನ್ನ ಫೋನಿನಲ್ಲಿ ಒತ್ತಿದ, ಮತ್ತೆ ಢಣ್. ಹಿಂದಿನ ಸಾಲಿನಿಂದ ಇನ್ನಿಬ್ಬರು ಒತ್ತಿದರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು, ಎಲ್ಲರಿಗಿಂತ ಜೋರಾಗಿ ನಾನು.

"ಆಯ್ತಲ್ಲ ಬು ರಸ್ಮಿನಿ? ಕೂತ್ಕೊಳ್ಳಿ," ಎಂದ ಕೆಲಿಯಾನ್.

"ಆಗ್ಲಿಲ್ಲ." ಅವಳು ಕೂರಲಿಲ್ಲ. "ಇವೆಲ್ಲ ಅಭ್ಯಾಸ ಮಾಡಿದ ಫೋನುಗಳು. ಈ ಪುಟನ ಒಂದ್ಸಲವೂ ನೋಡದಿರೋ ಫೋನ್ ಕೊಡಿ ನಂಗೆ. ಸೂತಕದ ಮನೆ ಫೋನು."

ಅಷ್ಟಕ್ಕೆ ನನ್ನ ಪಿತ್ತ ನೆತ್ತಿಗೇರಿತು. ನನ್ನ ಹಳೆ ಫೋನು ಗದ್ದೆಯ ಕಾಲುವೆಗೆ ಬಿದ್ದು, ನಾಲ್ಕು ದಿನದ ಹಿಂದಷ್ಟೇ ಹೊಸದು ಕೊಂಡಿದ್ದೆ. ಹೆಂಡತಿಯ ಫೋಟೋ ಬಿಟ್ಟರೆ ಅದರಲ್ಲಿ ಇನ್ನೇನೂ ಇರಲಿಲ್ಲ. ಎದ್ದು ನಿಂತು ಅವಳ ಮೂಗಿನ ಮುಂದೆ ಹಿಡಿದೆ. "ತಗೋ! ಇದು ನಿನ್ನ ಪುಟನೂ ನೋಡಿಲ್ಲ, ನಿನ್ನ ಮುಖಾನೂ ನೋಡಿಲ್ಲ. ಇದರಲ್ಲೂ ಗಂಟೆ ಹೊಡೀಲಿ, ಆಮೇಲೆ ಈ ಊರಲ್ಲಿ ನಿನ್ನ ಬಾಯಿ ಕೇಳಿಸ್ಬಾರ್ದು!"

ಅವಳು ಫೋನ್ ಮುಟ್ಟಲಿಲ್ಲ. "ನೀನೇ ಒತ್ತು ಬ್ಲಿ," ಎಂದಳು. ಮೊದಲ ಸಲ ಅವಳ ದನಿ ಮೆತ್ತಗಿತ್ತು.

ವಿಳಾಸ ಹಾಕಿದೆ. ಪುಟ ಬಂತು. ಕೆಂಪು ಬಟನ್ ಬಂತು. ಒತ್ತಿದೆ.

ಗಂಟೆ ಹೊಡೆಯಲಿಲ್ಲ. ಬೆರಳು ಸರಿಯಾಗಿ ಕೂರಲಿಲ್ಲವೇನೋ ಎಂದು ಬಟ್ಟೆಗೆ ಒರೆಸಿಕೊಂಡು ಮತ್ತೆ ಒತ್ತಿದೆ. ಮತ್ತೆ ಒತ್ತಿದೆ. ಎಲ್ಲರೂ ಗಂಟೆಯನ್ನೇ ನೋಡುತ್ತಿದ್ದರು. ಬಟನ್ ಕೆಂಪಗೆ, ದುಂಡಗೆ, ಏನೂ ಆಗದವರ ಹಾಗೆ ಕೂತಿತ್ತು. ಬಚ್ಚಲ ಬಾಗಿಲಲ್ಲಿ ಬಿದ್ದುಕೊಂಡು ಅಕ್ಕ ನೋಡಿದ್ದು ಇದನ್ನೇ. ನಾನು ಒತ್ತುತ್ತಲೇ ಇದ್ದೆ. ಕೊನೆಗೆ ರಸ್ಮಿನಿ ನನ್ನ ಕೈ ಹಿಡಿದು, "ಸಾಕು ಬ್ಲಿ," ಎಂದಳು.

ಪ್ರಣಯೋಗ ನನ್ನ ಫೋನು ಇಸಿದುಕೊಂಡು ನೋಡಿದ. "ಅಯ್ಯೋ ದೇವರೇ," ಎಂದ. "ಒಂದ್ಸಲ ಪುಟ ತೆರೆದ ಫೋನು ಆ ಲೈಬ್ರರಿಗಳ ಪ್ರತಿ ಒಳಗೇ ಇಟ್ಕೊಂಡಿರತ್ತೆ. ಪ್ರತಿ ಇಲ್ಲದ ಫೋನಲ್ಲಿ ಬಟನ್ ಕಾಣತ್ತೆ ಅಷ್ಟೆ, ಕೆಲಸ ಮಾಡಲ್ಲ. ನಾನು ಪರೀಕ್ಷೆ ಮಾಡಿದ್ದೆಲ್ಲ ಆ ಪ್ರತಿ ಇದ್ದ ಫೋನುಗಳನ್ನ. ಅಭ್ಯಾಸಕ್ಕೆ ಎಲ್ಲರೂ ಬಂದಿದ್ದಾರೆ ಅಂದ್ಕೊಂಡೆ."

"ಎಲ್ಲರೂ ಬರ್ತಾರೆ, ಸೂತಕದವರನ್ನ ಬಿಟ್ಟು," ಎಂದಳು ರಸ್ಮಿನಿ. "ಗುಡಿ ಅಂಗಳದಲ್ಲಿ ಅಭ್ಯಾಸ ಇಟ್ರೆ ಅವರು ಹೇಗೆ ಬರ್ತಾರೆ? ಅದು ನಿನಗೆ ಮಾತ್ರ ಹೊಳೀಲಿಲ್ಲ ಅಂತಲ್ಲ, ಈ ಊರಲ್ಲಿ ಒಬ್ಬರಿಗೂ ಹೊಳೀಲಿಲ್ಲ. ನಂಗೂ ಹೊಳೀಲಿಲ್ಲ."

ಕೆಲಿಯಾನ್ ಗಂಟಲು ಸರಿಮಾಡಿಕೊಂಡ. ಸಭೆಯ ಮುಂದೆ ಸೋಲುವುದು ಅವನಿಗೆ ಆಗದು. "ನೋಡೋಣ. ಮುಂದಿನ ಸಭೇಲಿ ಇದರ ಬಗ್ಗೆ..."

"ಮುಂದಿನ ಸಭೆ ಇರೋದು ನ್ಯೆಪಿ ಆದ್ಮೇಲೆ!" ರಸ್ಮಿನಿಯ ಕೂಗಿಗೆ ಮಂಟಪದ ಪಾರಿವಾಳಗಳು ಎದ್ದವು. "ಇವತ್ತೇ ಆಗ್ಬೇಕು ಪಾಕ್. ಇಲ್ಲ ಅಂದ್ರೆ ಆ ಪುಟನೇ ಅಳಿಸ್ಬಿಡಿ. ಸುಳ್ಳು ಬಟನ್ ಇರೋದಕ್ಕಿಂತ ಏನೂ ಇಲ್ದಿರೋದು ವಾಸಿ. ಬಟನ್ ಇಲ್ಲ ಅಂತ ಗೊತ್ತಿದ್ದಿದ್ರೆ ರಿಂತೆನ್ ಅಕ್ಕ ಕೂಗ್ತಿದ್ರು! ನ್ಯೆಪಿನೋ ಗಿಪಿನೋ, ಕೂಗಿ ಊರು ಎಬ್ಬಿಸ್ತಿದ್ರು. ಈ ಬಟನ್ ನಂಬ್ಕೊಂಡು ಬಾಯಿ ಮುಚ್ಕೊಂಡು ಬಿದ್ದಿದ್ರು. ಅದನ್ನ ಹಾಗೇ ಇಡೋದಾದ್ರೆ ನನ್ನನ್ನ ಊರಿಂದ ಹೊರಗೆ ಹಾಕಿ, ನಾನು ನ್ಯೆಪಿ ದಿನ ಬೀದೀಲಿ ನಿಂತು ಎಲ್ಲರ ಪರವಾಗಿ ಕೂಗ್ತೀನಿ!"

ನಾನು ಇನ್ನೂ ನಿಂತೇ ಇದ್ದೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ, ಬಾಯಿ ತಾನಾಗಿ ತೆರೆಯಿತು. "ಇವತ್ತೇ ಆಗ್ಲಿ. ಆಗೋವರ್ಗೂ ಈ ಮಂಟಪದಿಂದ ಯಾರೂ ಎದ್ದು ಹೋಗೋ ಹಾಗಿಲ್ಲ," ಎಂದು ಹೋಗಿ ಬಾಗಿಲಲ್ಲಿ ನಿಂತೆ. ಚೌಕಳಿ ಬಟ್ಟೆ ಸೊಂಟದಲ್ಲೇ ಇತ್ತು. ಯಾರೂ ಏಳಲಿಲ್ಲ.

ರಸ್ಮಿನಿ ಸೊಂಟದ ಪಟ್ಟಿಯಿಂದ ಒಂದು ಪೆನ್‌ಡ್ರೈವ್ ತೆಗೆದಳು. ಆರು ತಿಂಗಳಿಂದ ಅದು ಅವಳ ಸೊಂಟದಲ್ಲೇ ಇತ್ತಂತೆ. ಆ ಲೈಬ್ರರಿಗಳ ಪ್ರತಿಯನ್ನೆಲ್ಲ ಅದರಲ್ಲಿ ಇಳಿಸಿಕೊಂಡಿದ್ದಳು. ಪ್ರಣಯೋಗ ಯಂತ್ರದ ಮುಂದೆ ಕೂತ, ಅವಳು ಬೆನ್ನ ಹಿಂದೆ ನಿಂತಳು. ಹೊರಗಿನ ಒಂದೊಂದೇ ವಿಳಾಸ ಅಳಿಸಿ ಒಳಗಿನ ವಿಳಾಸ ಬರೆದರು. ಅಕ್ಷರದ ಅಚ್ಚು, ಚಿತ್ರ, ಎಲ್ಲವೂ ನಮ್ಮ ಯಂತ್ರದೊಳಕ್ಕೆ ಬಂದವು.

"ಒಂದ್ ಮಾತು ಬು," ಎಂದ ಪ್ರಣಯೋಗ. "ಇವು ಹಳತಾಗ್ತವೆ ಅಂದಿದ್ದು ಸುಳ್ಳಲ್ಲ. ಯಾವಾಗಲಾದ್ರೂ ಯಾವುದೋ ಲೈಬ್ರರೀಲಿ ತೂತು ಸಿಕ್ಕಿದೆ ಅಂತ ಸುದ್ದಿ ಬರತ್ತೆ. ಆಗ ತಕ್ಷಣ ಬದಲಾಯಿಸ್ಬೇಕು."

"ಪ್ರತಿ ತುಂಪೆಕ್ ಲಂದೆಪ್‌ಗೆ ಎಲ್ಲಾ ಬಿಚ್ಚಿ ನೋಡ್ತೀನಿ."

"ಇನ್ನೂರ ಹತ್ತು ದಿನ ತುಂಬಾ ದೂರ ಬು."

ಸೋಲು ಒಪ್ಪುವಾಗ ಅವಳ ಮೂಗಿನ ಹೊಳ್ಳೆ ಅರಳುತ್ತದೆ. "ಸರಿ. ಪ್ರತಿ ಹುಣ್ಣಿಮೆಗೂ ನೋಡ್ತೀನಿ. ನಡುವೆ ಸುದ್ದಿ ಬಂದ್ರೆ ನೀನು ಫೋನ್ ಮಾಡು, ನಾಲಿಗೆ ಇದೆಯಲ್ಲ. ಹೊಸದು ತಂದಿಡ್ತೀನಿ. ಆದ್ರೆ ತಂದು ಇಡೋದು ಇಲ್ಲೇ."

ನನ್ನ ಫೋನಿನಲ್ಲಿದ್ದದ್ದನ್ನೆಲ್ಲ ಅಳಿಸಿ, ಹೊಸದರ ಹಾಗೆ ಮಾಡಿ ಕೊಟ್ಟಳು. ಹೆಂಡತಿಯ ಫೋಟೋನೂ ಹೋಯಿತು. ಒತ್ತಿದೆ. ಗಂಟೆ ಢಣ್ ಎಂದಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ವೈಫೈ ಯಾರ ಕೈಯಲ್ಲಿರಬೇಕು ಎಂಬ ಮಾತನ್ನು ಕೆಲಿಯಾನ್ ಮತ್ತೆ ಎತ್ತಲೇ ಇಲ್ಲ.

ಸಭೆ ಮುಗಿದ ಮೇಲೆ ಅವಳ ಹತ್ತಿರ ಹೋಗಿ ಏನಾದರೂ ಹೇಳಬೇಕಿತ್ತು. ಹೋಗಲಿಲ್ಲ. ಒಂದು ವರ್ಷ ಉಗುಳಿದ ಬಾಯಿ ಅಷ್ಟು ಬೇಗ ತಿರುಗುವುದಿಲ್ಲ.

ನ್ಯೆಪಿ ಬಂತು. ಹಿಂದಿನ ದಿನ ಬಂದು ಅವಳು ಮಂಟಪದ ಯಂತ್ರದ ಹಸಿರು ದೀಪಕ್ಕೆ ಕಪ್ಪು ಟೇಪ್ ಅಂಟಿಸಿ ಹೋಗಿದ್ದಳು, ದೀಪ ಉರಿಯುವ ಹಾಗಿಲ್ಲವಲ್ಲ. ನಾನು ಬೆಳಗ್ಗೆ ಆರರಿಂದ ಗಂಟೆಯ ಕೆಳಗೇ ಕೂತೆ. ಕಾಲು ಚಾಚಲಿಲ್ಲ. ಇಡೀ ಕಣಿವೆಯಲ್ಲಿ ಗದ್ದೆಗೆ ಹರಿಯುವ ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎಂಟಾಯಿತು, ಒಂಬತ್ತಾಯಿತು. ಹೊಡೆಯದ ಗಂಟೆ ಈ ಸಲ ಹೆದರಿಕೆ ಹುಟ್ಟಿಸುತ್ತಿತ್ತು. ಎಲ್ಲರೂ ಸುಖವಾಗಿದ್ದಾರೆ ಎಂದು ಹೇಗೆ ನಂಬುವುದು? ಎರಡು ಸಲ ನನ್ನ ಫೋನಿನಿಂದಲೇ ಒತ್ತಿ, ಗಂಟೆಯ ಮೇಲೆ ಕೈ ಇಟ್ಟು ಸದ್ದು ಅಡಗಿಸಿ ನೋಡಿದೆ.

ಹತ್ತು ಗಂಟೆಗೆ ಢಣ್ ಎಂದಿತು. ಮನೆ ನಂಬರ್ ಅರವತ್ತೊಂದು. ಅಕ್ಕನ ಮನೆ.

ಚಪ್ಪಲಿ ಅಲ್ಲೇ ಬಿಟ್ಟು ಓಡಿದೆ. ಐವತ್ತೆಂಟರ ಪ್ರಾಯ, ಮುಂದೆ ಹೊಟ್ಟೆ, ಬರಿಗಾಲು, ಕಲ್ಲು ರಸ್ತೆ. ಅದೇ ಬಚ್ಚಲು, ಅದೇ ಹತ್ತು ಗಂಟೆ ಎಂದು ತಲೆಯೊಳಗೆ ಬಡಿಯುತ್ತಿತ್ತು. ಬೇಲಿಯ ಬಾಗಿಲನ್ನು ಭುಜದಿಂದ ತಳ್ಳಿ ಒಳಗೆ ನುಗ್ಗಿದೆ.

ಅಕ್ಕ ಜಗಲಿಯ ಮೇಲೆ ಕೂತಿದ್ದಳು. ಕೋಲು ಪಕ್ಕದಲ್ಲಿ, ಫೋನು ಮಡಿಲಲ್ಲಿ.

"ಏನಾಯ್ತು?" ನ್ಯೆಪಿಯಾದ್ದರಿಂದ ಪಿಸುಗುಟ್ಟಿದೆ. "ಬಿದ್ಯಾ? ಎದೆ ನೋವಾ?"

"ಏನೂ ಆಗಿಲ್ಲ," ಅವಳೂ ಪಿಸುಗುಟ್ಟಿದಳು.

"ಮತ್ತೆ ಯಾಕೆ ಒತ್ತಿದೆ!"

"ಬರ್ತೀಯೋ ಇಲ್ವೋ ನೋಡ್ಬೇಕಿತ್ತು."

ಮಾರಾಯರೇ, ಪಿಸುದನಿಯಲ್ಲಿ ಜಗಳವಾಡುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಾಗಿದ್ದು ಅವತ್ತು. "ನಿಂಗೆ ಬುದ್ಧಿ ಇದೆಯಾ? ನನ್ನ ಜೀವ ಬಾಯಿಗೆ ಬಂದಿತ್ತು! ಸುಮ್‌ಸುಮ್ನೆ ಒತ್ತಿದ್ರೆ ದಂಡ, ಗೊತ್ತಾ? ಇಪ್ಪತ್ತೈದು ತೆಂಗಿನಕಾಯಿ!"

"ಬರ್ಕೋ. ಕೊಡ್ತೀನಿ." ಅಕ್ಕ ಗದ್ದ ಮುಂದೆ ಮಾಡಿದಳು, ಚಿಕ್ಕವಳಿದ್ದಾಗ ಅಪ್ಪನ ಎದುರು ನಿಲ್ಲುತ್ತಿದ್ದ ಹಾಗೆ. "ಒಂದ್ ವರ್ಷದಿಂದ ಆ ಬಟನ್ ನನ್ನ ಕನಸಲ್ಲಿ ಬರತ್ತೆ ತುತ್. ಒತ್ತೀನಿ, ನೀನು ಬರಲ್ಲ. ಎದ್ದು ಕೂತ್ಕೊತೀನಿ. ಇವತ್ತು ಹಗಲಲ್ಲಿ ಎಚ್ಚರ ಇದ್ದಾಗ ಒತ್ತಿ ನೋಡ್ಬೇಕು ಅನ್ನಿಸ್ತು. ಇಪ್ಪತ್ತೈದಲ್ಲ, ಐವತ್ತು ಕಾಯಿ ಹಾಕ್ಕೋ."

ನಾನು ಅವಳ ಪಕ್ಕ ಕುಸಿದು ಕೂತೆ. ಕಾಲಲ್ಲಿ ರಕ್ತ ಬರುತ್ತಿತ್ತು. ಅಕ್ಕ ತಾನು ಉಟ್ಟ ಬಟ್ಟೆಯ ತುದಿಯಿಂದ ಒರೆಸಿದಳು. ನನಗೆ ಅಳು ಬಂತು, ಸದ್ದಿಲ್ಲದೆ ಅತ್ತೆ. ಅವಳೂ ಅತ್ತಳು. ಅಕ್ಕತಮ್ಮ ಅವತ್ತು ಮೌನವನ್ನೇನೂ ಮುರಿಯಲಿಲ್ಲ. ವಾಪಸು ಹೋಗಿ ಪುಸ್ತಕದಲ್ಲಿ ಬರೆದೆ: ಮನೆ ಅರವತ್ತೊಂದು, ಒತ್ತಿದರು, ಹೋದೆ, ನಾಲ್ಕು ನಿಮಿಷ. ದಂಡದ ಕಾಲಂ ಖಾಲಿ ಬಿಟ್ಟೆ.

ನ್ಯೆಪಿಯ ಮರುದಿನ ನಮ್ಮಲ್ಲಿ ಒಬ್ಬರ ಮನೆಗೊಬ್ಬರು ಹೋಗಿ ತಪ್ಪಾಯಿತು ಎಂದು ಕೇಳಿಕೊಳ್ಳುವ ದಿನ. ಅಕ್ಕನನ್ನು ಬೈಕಿನ ಹಿಂದೆ ಕೂರಿಸಿಕೊಂಡು ರಸ್ಮಿನಿಯ ಮನೆಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಉರುಹೊಡೆದಿದ್ದೆ. ಅವಳು ಆಗಲೇ ಏಣಿಯ ಮೇಲಿದ್ದಳು, ಯಾವುದೋ ತಂತಿ ಬಿಗಿಯುತ್ತಿದ್ದಳು.

"ರಸ್ಮಿನಿ," ಎಂದೆ. "ನಾನು ಒಂದ್ ವರ್ಷ..."

"ಕ್ಷಮೆ ಕೇಳೋಕೆ ಬಂದ್ಯಾ ಬ್ಲಿ? ಅದು ಆಮೇಲೆ. ಏಣಿ ಅಲ್ಲಾಡ್ತಿದೆ."

ಎರಡೂ ಕೈಯಿಂದ ಏಣಿ ಹಿಡಿದೆ.

"ನಿನ್ನೆ ಅರವತ್ತೊಂದರಿಂದ ಗಂಟೆ ಹೊಡೆದದ್ದು ಯಂತ್ರದಲ್ಲಿ ನೋಡ್ದೆ," ಎಂದಳು ಕೆಳಗೆ ನೋಡದೆ. "ಎಷ್ಟ್ ಹೊತ್ತಾಯ್ತು ಹೋಗೋಕೆ?"

"ನಾಲ್ಕು ನಿಮಿಷ."

ಮೇಲೆ ಅವಳ ಕೈ ನಿಂತಿತು. ಆಮೇಲೆ ಮೂಗು ಎಳೆದುಕೊಂಡ ಸದ್ದು ಕೇಳಿತು.

"ನಾಲ್ಕಾ? ಮುನ್ನೂರು ಹೆಜ್ಜೆಗೆ ನಾಲ್ಕು ನಿಮಿಷನಾ? ನನ್ನ ಕೆಲಸ ನಾನು ಮಾಡಿದ್ದೀನಿ. ಮುಂದಿನ ನ್ಯೆಪಿಯೊಳಗೆ ಆ ಹೊಟ್ಟೆ ಕರಗಿಸ್ಕೋ ಬ್ಲಿ."

ಅಕ್ಕ ಬೈಕಿನ ಮೇಲೆ ಕೂತಲ್ಲೇ ನಗಲು ಶುರುಮಾಡಿದಳು. ಬಾವ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಸಿಟ್ಟು ಬರಲಿಲ್ಲ. ರಸ್ಮಿನಿ ಕೆಲಸ ಮುಗಿಸಿ ಇಳಿದು ನೆಲಕ್ಕೆ ಕಾಲಿಡುವವರೆಗೂ ಏಣಿ ಬಿಡಲಿಲ್ಲ.